ಸ್ಟ್ರಾಬೆರಿ: ಹೊಸ ತಳಿಯ ಹುಟ್ಟು ಮತ್ತು ವಿವರಣೆ

1997ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡಗ್ಲಸ್ ಶಾ ಮತ್ತು ಕರ್ಕ್ ಲಾರ್ಸನ್ ‘ಡಯಾಮಾಂಟೆ’ ಎಂಬ ಸ್ಟ್ರಾಬೆರಿ ತಳಿಯನ್ನು, ಇನ್ನೂ ಹೆಸರಿಲ್ಲದೆ ಬರೀ ಸಂಖ್ಯೆಯಿಂದ ಗುರುತಿಸುತ್ತಿದ್ದ ಇನ್ನೊಂದು ಗಿಡದೊಡನೆ ಸಂಕರ ಮಾಡಿದರು. ಮರುವರ್ಷ ವಿಂಟರ್ಸ್ ಊರಿನ ಬಳಿಯ ವುಲ್ಫ್‌ಸ್ಕಿಲ್ ಪ್ರಯೋಗ ತೋಟದಲ್ಲಿ ಆ ಸಂಕರದ ಸಸಿಗಳು ಮೊದಲ ಹಣ್ಣು ಬಿಟ್ಟವು. ಅವುಗಳಲ್ಲಿ ಒಂದು ಗಿಡವನ್ನು ಆರಿಸಿ, ಅದಕ್ಕೂ ಒಂದು ಸಂಖ್ಯೆ ಕೊಟ್ಟು, ವರ್ಷಗಟ್ಟಲೆ ಬೇರೆ ಬೇರೆ ಜಾಗಗಳಲ್ಲಿ ಬೆಳೆಸಿ ನೋಡಿದರು. ಆ ಗಿಡ ‘ಆಲ್ಬಿಯನ್’ ಎಂಬ ಹೆಸರಿನಿಂದ ಅಮೆರಿಕದ ಸಸ್ಯ ಪೇಟೆಂಟ್ ಪಡೆದದ್ದು 2006ರಲ್ಲಿ. ಇಂದು ಹಲವು ಖಂಡಗಳಲ್ಲಿ ಬೆಳೆಯುತ್ತಿರುವ ಆಲ್ಬಿಯನ್ ಗಿಡಗಳೆಲ್ಲವೂ ವುಲ್ಫ್‌ಸ್ಕಿಲ್‌ನ ಆ ಒಂದೇ ಸಸಿಯ ತುಂಡುಗಳು.

ಸಂಕರದಿಂದ ಪೇಟೆಂಟಿನವರೆಗಿನ ಆ ವರ್ಷಗಳಲ್ಲಿ ಎರಡು ಬಗೆಯ ಕೆಲಸ ನಡೆದಿರುತ್ತದೆ. ಗಿಡವನ್ನು ಆರಿಸುವುದು ಒಂದು. ಆರಿಸಿದ ಗಿಡ ಇತರ ತಳಿಗಳಿಂದ ಯಾವುದರಲ್ಲಿ ಬೇರೆ ಎಂದು ಎಲೆ, ಹೂವು, ಹಣ್ಣುಗಳ ಲಕ್ಷಣ ಹಿಡಿದು ಬರೆದಿಡುವುದು ಇನ್ನೊಂದು. ಮೊದಲನೆಯದರ ಬಗ್ಗೆ ಓದಲು ಸಾಕಷ್ಟು ಸಿಗುತ್ತದೆ. ಎರಡನೆಯದು ಕಚೇರಿಯ ಕಡತಗಳಲ್ಲೇ ಉಳಿದುಬಿಡುತ್ತದೆ. ಆದರೆ ವಿವರಣೆಯಿಲ್ಲದ ಗಿಡ, ಹಣ್ಣು ಎಷ್ಟೇ ಚೆನ್ನಾಗಿದ್ದರೂ, ತಳಿ ಎನಿಸಿಕೊಳ್ಳುವುದಿಲ್ಲ. ಅದನ್ನು ಬೆಳೆಸಿದವರಿಗೆ ಹಕ್ಕು ಹುಟ್ಟುವುದಿಲ್ಲ. ಅದನ್ನು ಕೊಳ್ಳುವ ರೈತನಿಗೆ ತಾನು ಕೊಂಡದ್ದು ಏನೆಂಬ ಖಾತರಿಯೂ ಇರುವುದಿಲ್ಲ.

ಮೂಲ

ತೋಟದ ಸ್ಟ್ರಾಬೆರಿಯ ಸಸ್ಯಶಾಸ್ತ್ರೀಯ ಹೆಸರು ಫ್ರಗೇರಿಯ ಅನನಾಸ್ಸ. ಇದು ಕಾಡಿನಿಂದ ನೇರವಾಗಿ ಬಂದ ಹಣ್ಣಲ್ಲ, 18ನೆಯ ಶತಮಾನದ ಯುರೋಪಿನ ತೋಟಗಳಲ್ಲಿ ಹುಟ್ಟಿದ ಮಿಶ್ರತಳಿ. ಅದಕ್ಕೂ ಮುನ್ನ ಯುರೋಪಿನವರು ತಿನ್ನುತ್ತಿದ್ದುದು ಬೆರಳ ತುದಿಯಷ್ಟು ಚಿಕ್ಕದಾದ, ಪರಿಮಳ ತುಂಬಿದ ಕಾಡು ಸ್ಟ್ರಾಬೆರಿ ಫ್ರಗೇರಿಯ ವೆಸ್ಕ. 17ನೆಯ ಶತಮಾನದ ಹೊತ್ತಿಗೆ ಉತ್ತರ ಅಮೆರಿಕದ ಪೂರ್ವಭಾಗದ ಫ್ರಗೇರಿಯ ವರ್ಜಿನಿಯಾನ ಅವರ ತೋಟಗಳಿಗೆ ಬಂದಿತ್ತು. ಅದರ ಬಣ್ಣ ಕಡುಗೆಂಪು, ಕಂಪು ಚೆನ್ನ, ಗಾತ್ರ ಮಾತ್ರ ಸಣ್ಣದು.

ಗಾತ್ರ ಬಂದದ್ದು ದಕ್ಷಿಣ ಅಮೆರಿಕದಿಂದ. ಫ್ರಾನ್ಸಿನ ದೊರೆ 14ನೆಯ ಲೂಯಿ ಚಿಲಿ ಮತ್ತು ಪೆರುವಿನಲ್ಲಿದ್ದ ಸ್ಪೇನಿನ ಕೋಟೆಗಳ ಗುಟ್ಟು ತಿಳಿದು ಬರಲು ಅಮೆದೆ ಫ್ರಾನ್ಸ್ವಾ ಫ್ರೆಜಿಯೆ ಎಂಬ ಸೇನಾ ಎಂಜಿನಿಯರನನ್ನು ಕಳಿಸಿದ್ದ. ವ್ಯಾಪಾರಿಯ ವೇಷದಲ್ಲಿ 1712ರಲ್ಲಿ ಚಿಲಿಯ ಕನ್ಸೆಪ್ಷನ್ ತಲುಪಿದ ಫ್ರೆಜಿಯೆ ಕೋಟೆಗಳ ಜೊತೆಗೆ ಅಲ್ಲಿನ ಹೊಲಗಳನ್ನೂ ನೋಡಿದ. ಹೊಲಗಳಲ್ಲಿ ಅಕ್ರೋಟಿನಷ್ಟು, ಕೆಲವೊಮ್ಮೆ ಕೋಳಿಮೊಟ್ಟೆಯಷ್ಟು ದಪ್ಪನೆಯ ಸ್ಟ್ರಾಬೆರಿಗಳಿದ್ದವು. 1714ರಲ್ಲಿ ಮರಳುವಾಗ ಕೆಲವು ಗಿಡಗಳನ್ನು ಹಡಗಿಗೆ ಹೇರಿಸಿದ. ಆರು ತಿಂಗಳ ಪ್ರಯಾಣ; ಕುಡಿಯುವ ನೀರಿನಲ್ಲೇ ಗಿಡಗಳಿಗೂ ಪಾಲು ಕೊಡಬೇಕು. ಮಾರ್ಸೇಲ್ ಬಂದರು ಮುಟ್ಟಿದಾಗ ಜೀವಂತವಾಗಿದ್ದುದು ಐದು ಗಿಡ.

ಹೆಚ್ಚಿನ ಪುಸ್ತಕಗಳು ದಪ್ಪ ಸ್ಟ್ರಾಬೆರಿಯ ಕಥೆಯನ್ನು ಈ ಐದು ಗಿಡಗಳಿಂದ ಶುರು ಮಾಡುತ್ತವೆ. ಅದು ಪೂರ್ಣ ನ್ಯಾಯವಲ್ಲ. ಚಿಲಿಯ ಮಾಪುಚೆ ಜನ ಮತ್ತು ಅವರ ನೆರೆಯ ಬುಡಕಟ್ಟುಗಳು ಸ್ಪೇನಿನವರು ಕಾಲಿಡುವ ಬಹಳ ಮುಂಚೆಯೇ ಕರಾವಳಿಯ ಕಾಡುಗಿಡಗಳಿಂದ ದಪ್ಪ ಹಣ್ಣಿನವನ್ನು ಆರಿಸಿ, ನೆಟ್ಟು, ಬೆಳೆಯಾಗಿ ಮಾಡಿಕೊಂಡಿದ್ದರು. ಫ್ರೆಜಿಯೆ ತಂದದ್ದು ಅವರ ಕೈಯಲ್ಲಿ ಸಿದ್ಧವಾಗಿದ್ದ ತಳಿಯನ್ನು. ಸ್ಟ್ರಾಬೆರಿಯ ಮೊದಲ ತಳಿಗಾರರ ಹೆಸರು ಯಾವ ದಾಖಲೆಯಲ್ಲೂ ಇಲ್ಲ, ಆದರೆ ಅವರು ಎಲ್ಲಿಯವರೆಂಬುದು ಸ್ಪಷ್ಟ.

ಫ್ರಾನ್ಸಿಗೆ ಬಂದ ಗಿಡಗಳು ಹುಲುಸಾಗಿ ಬೆಳೆದವು, ಹಣ್ಣು ಬಿಡಲಿಲ್ಲ. ಚಿಲಿಯ ಈ ಜಾತಿಯಾದ ಫ್ರಗೇರಿಯ ಚಿಲೊಯೆನ್ಸಿಸ್‌ನಲ್ಲಿ ಹೆಣ್ಣುಗಿಡ, ಗಂಡುಗಿಡ ಸಾಮಾನ್ಯವಾಗಿ ಬೇರೆ ಬೇರೆ. ದಪ್ಪ ಹಣ್ಣು ಹೊತ್ತ ಗಿಡಗಳನ್ನೇ ಹುಡುಕಿ ಕಿತ್ತದ್ದರಿಂದ ಫ್ರೆಜಿಯೆಯ ಪಾಲಿಗೆ ಬಂದವೆಲ್ಲ ಹೆಣ್ಣು. ಬ್ರಿಟನಿ ಪ್ರಾಂತ್ಯದ ಬ್ರೆಸ್ಟ್ ಬಳಿಯ ಪ್ಲೂಗಾಸ್ತೆಲ್ ರೈತರು ಇದಕ್ಕೆ ದಾರಿ ಕಂಡುಕೊಂಡರು. ಚಿಲಿಯ ಗಿಡಗಳ ಸಾಲುಗಳ ನಡುವೆ ಬೇರೆ ಜಾತಿಯ ಸ್ಟ್ರಾಬೆರಿ ನೆಟ್ಟರೆ ಹಣ್ಣು ಕಚ್ಚುತ್ತಿತ್ತು. ಹೀಗೆ ಅಕ್ಕಪಕ್ಕ ಬಂದ ಎರಡು ಅಮೆರಿಕಗಳ ಸ್ಟ್ರಾಬೆರಿಗಳು ಯುರೋಪಿನ ಮಣ್ಣಿನಲ್ಲಿ ಕೂಡಿ, ಅನಾನಸಿನ ವಾಸನೆಯ ಹೊಸ ಸ್ಟ್ರಾಬೆರಿ ಅಲ್ಲಲ್ಲಿ ತೋಟಗಳಲ್ಲಿ ಕಾಣಿಸತೊಡಗಿತು. ಅದು ಎಲ್ಲಿಂದ ಬಂತೆಂಬುದು ತೋಟಗಾರರಿಗೆ ತಿಳಿಯದು. ಅದರ ತಂದೆತಾಯಿಯರನ್ನು ಸರಿಯಾಗಿ ಹೇಳಿದವನು ಆಂತ್ವಾನ್ ನಿಕೊಲಾ ದ್ಯುಶೆನ್. ಆತ 1764ರಲ್ಲಿ, ಹದಿಹರೆಯದಲ್ಲೇ, ಚಿಲಿಯ ಹೆಣ್ಣುಗಿಡಕ್ಕೆ ಯುರೋಪಿನ ಮಸ್ಕ್ ಸ್ಟ್ರಾಬೆರಿಯ ಪರಾಗ ಹಾಕಿ ಪಡೆದ ದೊಡ್ಡ ಹಣ್ಣುಗಳನ್ನು ದೊರೆ 15ನೆಯ ಲೂಯಿಗೆ ಅರ್ಪಿಸಿದ. ಎರಡು ವರ್ಷದ ಬಳಿಕ, 1766ರಲ್ಲಿ, ಸ್ಟ್ರಾಬೆರಿಗಳ ನೈಸರ್ಗಿಕ ಚರಿತ್ರೆ ಬರೆದ. ಅನಾನಸ್ ಸ್ಟ್ರಾಬೆರಿ ಚಿಲಿ ಮತ್ತು ವರ್ಜಿನಿಯದ ಜಾತಿಗಳ ಮಿಶ್ರಣವೆಂದು ಅದರಲ್ಲಿ ತರ್ಕಿಸಿದ. ಒಂದೊಂದು ಬಗೆಯ ಎಲೆ, ಹೂ, ಹಣ್ಣುಗಳನ್ನು ಬೇರ್ಪಡಿಸಿ ನೋಡುವ ಅವನ ಕ್ರಮ ಇಂದಿನ ತಳಿ ವಿವರಣೆಗೆ ಬಹಳ ಹತ್ತಿರದ್ದು.

ಯೋಜಿಸಿ ತಳಿ ಮಾಡುವ ಕೆಲಸ 19ನೆಯ ಶತಮಾನದ್ದು. ಇಂಗ್ಲೆಂಡಿನಲ್ಲಿ ಥಾಮಸ್ ಆಂಡ್ರೂ ನೈಟ್ ಕ್ರಮಬದ್ಧ ಸಂಕರಗಳನ್ನು ಮಾಡಿದ. ಲಂಡನ್ ಹತ್ತಿರದ ಐಸಲ್‌ವರ್ತ್‌ನ ತರಕಾರಿ ಬೆಳೆಗಾರ ಮೈಕೆಲ್ ಕೀನ್ಸ್ ಬೀಜದಿಂದ ಬೆಳೆಸಿ 1821ರಲ್ಲಿ ಪ್ರದರ್ಶಿಸಿದ ‘ಕೀನ್ಸ್ ಸೀಡ್ಲಿಂಗ್’ ಆ ಕಾಲದ ಅಚ್ಚರಿಯಾಗಿ, ಮುಂದಿನ ಎಷ್ಟೋ ತಳಿಗಳಿಗೆ ಪೂರ್ವಜನಾಯಿತು. ಅಮೆರಿಕದಲ್ಲಿ ಚಾರ್ಲ್ಸ್ ಹವಿ 1834ರಲ್ಲಿ ಮಾಡಿದ ಸಂಕರದಿಂದ ‘ಹವಿ’ ತಳಿ ಬಂತು. ಯೋಜಿತ ಸಂಕರದಿಂದ ಆ ದೇಶದಲ್ಲಿ ಹುಟ್ಟಿದ ಮೊದಲ ಹಣ್ಣಿನ ತಳಿ ಅದೇ ಎನ್ನುತ್ತಾರೆ. ಹೀಗೆ ಕೆಲವೇ ಗಿಡಗಳನ್ನು ಮತ್ತೆ ಮತ್ತೆ ಕೂಡಿಸುತ್ತ ಬಂದದ್ದಕ್ಕೆ ಒಂದು ಬೆಲೆಯೂ ಇದೆ. 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಅಮೆರಿಕದ ತಳಿಗಳ ವಂಶಾವಳಿ ಜಾಲಾಡಿದಾಗ ಅವೆಲ್ಲ 53 ಮೂಲಗಿಡಗಳಿಗೆ ಹೋಗಿ ಮುಟ್ಟಿದವು.

ಹೂವಿನಿಂದ ಸಸಿಗೆ

ಸ್ಟ್ರಾಬೆರಿಯಲ್ಲಿ ತಿನ್ನುವ ಕೆಂಪು ಭಾಗ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಣ್ಣಲ್ಲ, ಊದಿಕೊಂಡ ಪುಷ್ಪಪೀಠ. ಅದರ ಮೈಮೇಲೆ ಬೀಜದಂತೆ ಕಾಣುವ, ಸುಮಾರು 200ರಷ್ಟಿರುವ ಕಣಗಳೇ ನಿಜವಾದ ಕಾಯಿಗಳು. ಒಂದೊಂದರೊಳಗೂ ಒಂದು ಬೀಜ. ಪುಷ್ಪಪೀಠ ಊದುವುದು ಈ ಕಣಗಳು ಸ್ರವಿಸುವ ಆಕ್ಸಿನ್ ಎಂಬ ಹಾರ್ಮೋನಿನಿಂದ. ಎಳೆಗಾಯಿಯ ಮೇಲಿನ ಕಣಗಳನ್ನು ಕಿತ್ತರೆ ಆ ಜಾಗ ಬೆಳೆಯುವುದಿಲ್ಲ, ಆಕ್ಸಿನ್ ಹಚ್ಚಿದರೆ ಬೆಳೆಯುತ್ತದೆ ಎಂದು ಜಾನ್ ನಿಚ್ 1950ರಲ್ಲಿ ತೋರಿಸಿದ. ಸಂಕರ ಮಾಡುವವರಿಗೆ ಇದು ಮುಖ್ಯ. ಹೂವಿನಲ್ಲಿ ಪರಾಗ ಹಿಡಿಯುವ ಶಲಾಕೆಗಳಲ್ಲಿ ಕೆಲವಕ್ಕೆ ಮಾತ್ರ ಅದು ತಾಗಿದರೆ ಹಣ್ಣು ಸೊಟ್ಟಗಾಗುತ್ತದೆ, ಬೀಜವೂ ಕಡಿಮೆ ಸಿಗುತ್ತದೆ.

ಕೆಲಸ ನಡೆಯುವುದು ಹಸಿರುಮನೆಯಲ್ಲಿ. ತಾಯಿಯಾಗಬೇಕಾದ ಗಿಡದ ಮೊಗ್ಗು ಬಿರಿಯುವ ಮುನ್ನವೇ ಚಿಮುಟದಿಂದ ಕೇಸರಗಳನ್ನು ತೆಗೆದುಹಾಕಬೇಕು. ಎಷ್ಟೋ ವೇಳೆ ಎಸಳು ಮತ್ತು ಕೇಸರಗಳನ್ನು ಒಟ್ಟಿಗೇ ಉಂಗುರದಂತೆ ಬಿಡಿಸಿಬಿಡುತ್ತಾರೆ. ತಂದೆಗಿಡದ ಪರಾಗಕೋಶಗಳನ್ನು ಒಣಗಿಸಿ, ಉದುರಿದ ಹಳದಿ ಪುಡಿಯನ್ನು ಸಣ್ಣ ಕುಂಚದಿಂದ ಶಲಾಕೆಗಳಿಗೆಲ್ಲ ಸವರಿ, ಹೂವಿಗೆ ಚೀಲ ಕಟ್ಟಿ, ತಾಯಿ ಮತ್ತು ತಂದೆಯ ಹೆಸರು ಬರೆದ ಚೀಟಿ ಸಿಕ್ಕಿಸುತ್ತಾರೆ. ಹಣ್ಣಾಗಲು ಸುಮಾರು ಒಂದು ತಿಂಗಳು. ಆಮೇಲೆ ಹಣ್ಣುಗಳನ್ನು ನೀರಿನೊಂದಿಗೆ ಮಿಕ್ಸಿಯಲ್ಲಿ ನಿಧಾನಕ್ಕೆ ತಿರುಗಿಸಿದರೆ ತಿರುಳು ಕರಗಿ, ಗಟ್ಟಿ ಬೀಜಗಳು ತಳ ಸೇರುತ್ತವೆ, ಜೊಳ್ಳು ತೇಲುತ್ತದೆ. ಬೀಜದ ಸಿಪ್ಪೆ ಗಡುಸಾದ್ದರಿಂದ ಕೆಲವು ವಾರ ತಂಪಿನಲ್ಲಿಡುತ್ತಾರೆ, ಇಲ್ಲವೇ ಗಂಧಕಾಮ್ಲದಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆಯುತ್ತಾರೆ. ಬಿತ್ತುವಾಗ ಮಣ್ಣಿನ ಮೇಲೆ ಉದುರಿಸಿ ಬಿಡುವುದು ರೂಢಿ, ಮೊಳೆಯಲು ಬೆಳಕು ಬೇಕು.

ಒಂದೇ ಹಣ್ಣಿನ ಬೀಜಗಳಿಂದ ಬಂದ ಸಸಿಗಳು ಒಂದರಂತೆ ಒಂದು ಇರುವುದಿಲ್ಲ. ತೋಟದ ಸ್ಟ್ರಾಬೆರಿಯಲ್ಲಿ ಪ್ರತಿ ವರ್ಣತಂತುವಿಗೂ ಎರಡರ ಬದಲು ಎಂಟು ಪ್ರತಿಗಳಿವೆ, ಒಟ್ಟು 56. ಅವುಗಳ ಕಲೆಸಾಟದಿಂದ ಬರುವ ಜೋಡಣೆಗಳಿಗೆ ಲೆಕ್ಕವಿಲ್ಲ. ಹಲಸಿನ ಬೀಜ ನೆಟ್ಟವರಿಗೆ ಈ ಮಾತು ಹೊಸತಲ್ಲ: ತಾಯಿಮರದ್ದು ಕೆಂಪು ತೊಳೆಯಾದರೂ ಮಗಳ ಮರದ್ದು ಬಿಳಿಚಿಕೊಂಡಿರಬಹುದು. ತುಮಕೂರು ಜಿಲ್ಲೆಯ ಚೇಳೂರಿನಲ್ಲಿದ್ದ ತಾಮ್ರಗೆಂಪು ತೊಳೆಯ ಒಂದೇ ಒಂದು ಮರವನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿ, ‘ಸಿದ್ದು’ ಹಲಸೆಂದು ಹರಡಲು ಕಸಿಯನ್ನೇ ಹಿಡಿಯಬೇಕಾಯಿತು. ಸ್ಟ್ರಾಬೆರಿಗೆ ಕಸಿ ಬೇಡ. ಗಿಡ ತಾನೇ ಸುತ್ತಲೂ ಹಂಬು ಚಾಚುತ್ತದೆ. ರೈತರು ಇದನ್ನು ರನ್ನರ್ ಎನ್ನುತ್ತಾರೆ. ಹಂಬಿನ ಗಿಣ್ಣು ನೆಲ ಮುಟ್ಟಿದಲ್ಲಿ ಬೇರೂರಿ ತಾಯಿಯ ತದ್ರೂಪಾದ ಮರಿಗಿಡ ಏಳುತ್ತದೆ. ಬೀಜದಿಂದ ವೈವಿಧ್ಯ, ಹಂಬಿನಿಂದ ಏಕರೂಪ: ಈ ಎರಡೂ ಒಂದೇ ಗಿಡದಲ್ಲಿರುವುದು ತಳಿಗಾರರ ಭಾಗ್ಯ.

ಆಯ್ಕೆ

ದೊಡ್ಡ ಕೇಂದ್ರಗಳಲ್ಲಿ ವರ್ಷಕ್ಕೆ ಸಾವಿರಾರು ಸಸಿಗಳು ಹೊಲ ಸೇರುತ್ತವೆ. ತಳಿಗಾರರು ಸಾಲಿನಿಂದ ಸಾಲಿಗೆ ನಡೆಯುತ್ತ, ಕಿತ್ತು, ಕಚ್ಚಿ, ಉಗಿದು, ಮುಂದೆ ಸಾಗುತ್ತಾರೆ. ನೂರಕ್ಕೆ ಒಂದೆರಡು ಗಿಡ ಎರಡನೆಯ ವರ್ಷಕ್ಕೆ ಉಳಿದರೆ ಹೆಚ್ಚು. ಉಳಿದವುಗಳ ಹಂಬುಗಳಿಂದ ಮರಿಗಿಡ ಮಾಡಿ, ಪರಿಚಿತ ತಳಿಗಳ ಪಕ್ಕದಲ್ಲಿ ನೆಟ್ಟು, ಇಳುವರಿ, ಗಾತ್ರ, ಕೊಳೆಯುವ ಪ್ರಮಾಣ, ಸಾಗಣೆಯ ತಾಳಿಕೆ ಎಲ್ಲವನ್ನೂ ತೂಗುತ್ತಾರೆ. ಕೊನೆಗೆ ಒಂದು ಸಂಕರದಿಂದ ಒಂದೂ ತಳಿ ಬಾರದೆ ಹೋಗುವುದೇ ಸಾಮಾನ್ಯ.

ಏನನ್ನು ಆರಿಸಬೇಕೆಂಬುದು ಕಾಲಕ್ಕೆ, ಮಾರುಕಟ್ಟೆಗೆ ತಕ್ಕಂತೆ ಬದಲಾಗಿದೆ. ಜರ್ಮನಿಯಲ್ಲಿ ರೈನ್‌ಹೋಲ್ಡ್ ಫಾನ್ ಸೆಂಗ್‌ಬುಶ್ ಬೆಳೆಸಿದ ‘ಸೆಂಗ ಸೆಂಗಾನ’ ಶೀತಲೀಕರಣಕ್ಕೂ ಜಾಮಿಗೂ ಹೇಳಿ ಮಾಡಿಸಿದ್ದು. ಒಳಗೂ ಹೊರಗೂ ಕಡುಗೆಂಪಾದ ಈ ತಳಿ ಪೋಲೆಂಡಿನ ಹೊಲಗಳನ್ನು ದಶಕಗಳ ಕಾಲ ಆಳಿತು. ನೆದರ್ಲೆಂಡ್ಸಿನ ವಾಖೆನಿಂಗೆನ್‌ನಲ್ಲಿ 1975ರಲ್ಲಿ ‘ಗೊರೆಲ್ಲ’ ಮತ್ತು ‘ಹಾಲಿಡೇ’ ತಳಿಗಳ ಸಂಕರದಿಂದ ಬಂದ ‘ಎಲ್ಸಾಂಟ’ ಗಟ್ಟಿ ಹಣ್ಣು. ಅಂಗಡಿಯ ಕಪಾಟಿನಲ್ಲಿ ದಿನಗಟ್ಟಲೆ ಮಿರುಗುತ್ತಿತ್ತು. ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟುಗಳು ಅದನ್ನು ಅಪ್ಪಿಕೊಂಡವು. ಬೇರಿನ ರೋಗಗಳಿಗೆ ಅದು ಬಲು ಸುಲಭದ ತುತ್ತು ಎಂಬುದನ್ನು ಬೆಳೆಗಾರರು ನುಂಗಿಕೊಂಡರು.

ಗಟ್ಟಿತನದ ಬೆನ್ನು ಹತ್ತಿದ ಈ ಓಟದಲ್ಲಿ ನಾಲಗೆಗೆ ನಷ್ಟವಾಗಿದೆ ಎಂಬುದು ತಿನ್ನುವವರ ಹಳೆಯ ದೂರು. ಅದು ನಿಜವಾದ ದೂರು. ಸ್ಟ್ರಾಬೆರಿಯ ಕಂಪು ಒಂದು ವಸ್ತುವಿನಿಂದ ಬರುವುದಿಲ್ಲ. ಸುಟ್ಟ ಸಕ್ಕರೆಯ ವಾಸನೆಯ ಫ್ಯುರನಿಯೋಲ್, ಪೀಚ್ ಹಣ್ಣಿನ ನೆನಪು ತರುವ ಗಾಮ ಡೆಕಲ್ಯಾಕ್ಟೋನ್, ಕಾಡು ಸ್ಟ್ರಾಬೆರಿಯ ಘಾಟು ಕೊಡುವ ಮೀಥೈಲ್ ಆಂಥ್ರನಿಲೇಟ್ ಹೀಗೆ ಹತ್ತಾರು ವಸ್ತುಗಳು ಹದವಾಗಿ ಸೇರಬೇಕು. ಗಾಮ ಡೆಕಲ್ಯಾಕ್ಟೋನ್ ಇರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಂದೇ ಜೀನನ್ನು ಅವಲಂಬಿಸಿದೆ. ಆ ಜೀನ್ ಇಲ್ಲದ ಗಿಡ ಗಾತ್ರ ಮತ್ತು ಇಳುವರಿಯ ಬಲದಿಂದ ಆಯ್ಕೆಯಾದರೆ ಆ ಪರಿಮಳ ಇಡೀ ತಳಿಯಲ್ಲೇ ಇಲ್ಲವಾಗುತ್ತದೆ. ಫ್ರಾನ್ಸಿನ ಜಾಕ್ ಮರಿಯೊನೆಯ ನರ್ಸರಿ 1991ರಲ್ಲಿ ಬಿಡುಗಡೆ ಮಾಡಿದ ‘ಮಾರಾ ದೆ ಬ್ವಾ’ ಇದಕ್ಕೆ ಎದುರು ದಿಕ್ಕಿನ ಪ್ರಯತ್ನ. ಹಣ್ಣು ಚಿಕ್ಕದು, ಮೆತ್ತನೆಯದು, ದೂರದ ಲಾರಿಗೆ ಸಲ್ಲದು. ಆದರೂ ಕಾಡು ಸ್ಟ್ರಾಬೆರಿಯ ಕಂಪಿಗಾಗಿ ಫ್ರಾನ್ಸಿನ ಸಂತೆಗಳಲ್ಲಿ ಅದನ್ನು ಹೆಸರು ಹಿಡಿದು ಕೇಳಿ ಕೊಳ್ಳುತ್ತಾರೆ.

ಹಣ್ಣಿನ ಗುಣಕ್ಕಿಂತಲೂ ಸ್ಟ್ರಾಬೆರಿ ಕೃಷಿಯನ್ನು ಹೆಚ್ಚು ಬದಲಿಸಿದ್ದು ಗಿಡದ ಗಡಿಯಾರ. ಸಾಂಪ್ರದಾಯಿಕ ತಳಿಗಳು ಹಗಲು ಕುಗ್ಗಿ, ತಂಪು ಬಿದ್ದಾಗ ಮೊಗ್ಗು ಕಟ್ಟುತ್ತವೆ, ವರ್ಷಕ್ಕೊಂದು ಫಸಲು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯದ ತಳಿಗಾರ ರಾಯ್ಸ್ ಬ್ರಿಂಗ್‌ಹರ್ಸ್ಟ್ ಅಮೆರಿಕದ ಯೂಟಾ ರಾಜ್ಯದ ವಾಸಾಚ್ ಪರ್ವತಗಳಲ್ಲಿ ಫ್ರಗೇರಿಯ ವರ್ಜಿನಿಯಾನದ ಒಂದು ಕಾಡುಬಗೆಯನ್ನು ಸಂಗ್ರಹಿಸಿದ. ಹಗಲು ಉದ್ದವಾಗಲಿ, ಗಿಡ್ಡವಾಗಲಿ ಅದು ಹೂ ಬಿಡುತ್ತಿತ್ತು. ಹಣ್ಣು ಮಾತ್ರ ಗೋಲಿಗಿಂತ ಚಿಕ್ಕದು. ಈ ಒಂದು ಗುಣವನ್ನು ಉಳಿಸಿಕೊಂಡು ಕಾಡಿನ ಉಳಿದ ಗುಣಗಳನ್ನು ತೊಳೆದುಹಾಕಲು ಬ್ರಿಂಗ್‌ಹರ್ಸ್ಟ್ ಮತ್ತು ವಿಕ್ಟರ್ ವೋತ್ ಪ್ರತಿ ತಲೆಮಾರನ್ನೂ ತೋಟದ ತಳಿಗಳೊಡನೆ ಮತ್ತೆ ಮತ್ತೆ ಕೂಡಿಸಿದರು. 1979ರಲ್ಲಿ ‘ಆಪ್ಟೋಸ್’, ‘ಬ್ರೈಟನ್’, ‘ಹೆಕ್ಕರ್’ ಬಿಡುಗಡೆಯಾದವು. ಎರಡು ದಶಕಕ್ಕೂ ಮೀರಿದ ತಾಳ್ಮೆ ಅದು. ಇಂದು ಬೇಸಿಗೆಯುದ್ದಕ್ಕೂ ಕ್ಯಾಲಿಫೋರ್ನಿಯದಿಂದ ಸ್ಟ್ರಾಬೆರಿ ಬರುವುದು ಆ ಕಾಡುಗಿಡದ ಋಣ. ಆಲ್ಬಿಯನ್‌ನಲ್ಲಿಯೂ ಅದೇ ಗುಣವಿದೆ.

ವಿವರಣೆ

ಆರಿಸಿದ ಗಿಡ ತಳಿಯಾಗಿ ದಾಖಲಾಗಲು ಮೂರು ಪರೀಕ್ಷೆ ಗೆಲ್ಲಬೇಕು. ತಿಳಿದಿರುವ ಎಲ್ಲ ತಳಿಗಳಿಗಿಂತ ಕನಿಷ್ಠ ಒಂದು ಲಕ್ಷಣದಲ್ಲಾದರೂ ಸ್ಪಷ್ಟವಾಗಿ ಬೇರೆಯಾಗಿರಬೇಕು. ಅದರ ಗಿಡಗಳೆಲ್ಲ ಒಂದೇ ತೆರನಾಗಿರಬೇಕು. ಹಂಬಿನಿಂದ ಹಂಬಿಗೆ ಮುಂದುವರಿದರೂ ಲಕ್ಷಣ ಕದಲಬಾರದು. ಭಿನ್ನತೆ, ಏಕರೂಪತೆ, ಸ್ಥಿರತೆ ಎಂಬ ಈ ಮೂರನ್ನೂ ಸಾಮಾನ್ಯವಾಗಿ ಎರಡು ಬೆಳೆ ಋತುಗಳಲ್ಲಿ ಪರೀಕ್ಷಿಸುತ್ತಾರೆ. 1961ರ ಪ್ಯಾರಿಸ್ ಒಪ್ಪಂದದಿಂದ ಹುಟ್ಟಿ, ಜಿನೀವಾದಲ್ಲಿ ನೆಲೆಸಿರುವ ಯುಪೋವ್ ಎಂಬ ಅಂತಾರಾಷ್ಟ್ರೀಯ ಸಂಘಟನೆ ಸ್ಟ್ರಾಬೆರಿಗೆಂದೇ ಒಂದು ಮಾರ್ಗಸೂಚಿ ಇಟ್ಟಿದೆ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಲಕ್ಷಣಗಳಿವೆ.

ಅದನ್ನು ಓದುತ್ತ ಹೋದರೆ ಸ್ಟ್ರಾಬೆರಿ ಗಿಡವನ್ನು ಮೊದಲ ಬಾರಿ ನೋಡಿದಂತಾಗುತ್ತದೆ. ಗಿಡ ನೆಟ್ಟಗೆ ನಿಲ್ಲುತ್ತದೆಯೋ, ಹರಡಿಕೊಳ್ಳುತ್ತದೆಯೋ? ಹೂಗೊಂಚಲು ಎಲೆಗಳ ಮೇಲೆ ಎದ್ದಿದೆಯೋ, ಸಮಕ್ಕಿದೆಯೋ, ಕೆಳಗೆ ಅಡಗಿದೆಯೋ? ಕೊಯ್ಯುವವರ ಬೆನ್ನಿಗೆ ಈ ಪ್ರಶ್ನೆ ತೀರ ಹತ್ತಿರದ್ದು. ಹಂಬು ಕಡಿಮೆಯೋ ಹೇರಳವೋ? ಮೂರೆಲೆಯ ನಡುವಿನ ಎಲೆಯ ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತವೆಷ್ಟು, ಬುಡ ಚೂಪೋ ದುಂಡೋ, ಅಂಚಿನ ಹಲ್ಲುಗಳ ಆಕಾರ ಹೇಗೆ? ಎಲೆತೊಟ್ಟಿನ ಮೇಲಿನ ಕೂದಲು ಮೇಲ್ಮುಖವಾಗಿ ಬಾಗಿದೆಯೋ, ಅಡ್ಡಕ್ಕೆ ನಿಂತಿದೆಯೋ? ಹೂವಿನ ಎಸಳುಗಳು ಬಿಡಿಬಿಡಿಯಾಗಿವೆಯೋ, ತಾಗಿಕೊಂಡಿವೆಯೋ, ಒಂದರ ಮೇಲೊಂದು ಹೊದ್ದಿವೆಯೋ?

ಹಣ್ಣಿನ ಸರದಿ ಇನ್ನೂ ದೀರ್ಘ. ಆಕಾರ ಶಂಕುವೋ, ಹೃದಯವೋ, ಗೋಳವೋ, ಮೂತ್ರಪಿಂಡದಂತೆ ಅಡ್ಡಗಲವೋ? ಗೊಂಚಲಿನ ಮೊದಲ ಹೂವಿನ ಹಣ್ಣು ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು, ಅನೇಕ ವೇಳೆ ಆಕಾರದಲ್ಲೂ ಬೇರೆ. ಹಾಗಾಗಿ ಮೊದಲ ಹಣ್ಣಿಗೂ ಉಳಿದವಕ್ಕೂ ಆಕಾರದಲ್ಲಿ ಎಷ್ಟು ವ್ಯತ್ಯಾಸ ಎಂಬುದೇ ಒಂದು ಪ್ರತ್ಯೇಕ ಲಕ್ಷಣ. ಬೀಜಕಣಗಳು ಮೈಯಲ್ಲಿ ಹುದುಗಿವೆಯೋ, ಸಮಕ್ಕಿವೆಯೋ, ಉಬ್ಬಿ ನಿಂತಿವೆಯೋ? ಉಬ್ಬಿದ್ದರೆ ಸಾಗಣೆಯಲ್ಲಿ ಸಿಪ್ಪೆ ತರಚುವುದು ಕಡಿಮೆ ಎಂದು ಬೆಳೆಗಾರರು ಹೇಳುತ್ತಾರೆ. ತೊಟ್ಟಿನ ಕೆಳಗೆ ಕಣಗಳೇ ಇಲ್ಲದ ಪಟ್ಟಿ ಎಷ್ಟು ಅಗಲ, ಹಸಿರು ಪುಷ್ಪಪಾತ್ರೆ ಹಣ್ಣಿಗೆ ಅಂಟಿಕೊಂಡಿದೆಯೋ ಸುಲಭವಾಗಿ ಕಳಚುತ್ತದೆಯೋ, ಕೊಯ್ದು ನೋಡಿದರೆ ತಿರುಳಿನ ಬಣ್ಣ ಏನು, ನಡುವೆ ಪೊಳ್ಳು ಇದೆಯೋ ಎಂದು ಪಟ್ಟಿ ಸಾಗುತ್ತದೆ.

ಕೆಂಪು ಎಂದು ಬರೆದರೆ ಸಾಲದು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಪಟ್ಟಿಯನ್ನು ಹಣ್ಣಿನ ಪಕ್ಕ ಹಿಡಿದು, ಹೊಂದುವ ಚೌಕದ ಸಂಖ್ಯೆಯನ್ನೇ ಅಮೆರಿಕದ ಸಸ್ಯ ಪೇಟೆಂಟುಗಳಲ್ಲಿ ನಮೂದಿಸುತ್ತಾರೆ. ಸಿಹಿಯನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ಬ್ರಿಕ್ಸ್ ಲೆಕ್ಕದಲ್ಲಿಯೂ, ಗಟ್ಟಿತನವನ್ನು ಸೂಜಿ ಒತ್ತುವ ಉಪಕರಣದಲ್ಲಿಯೂ ಅಳೆಯುತ್ತಾರೆ. ಆದರೆ ಮಣ್ಣು, ನೀರು, ಬಿಸಿಲು ಬದಲಾದಂತೆ ಬ್ರಿಕ್ಸ್ ಏರಿಳಿಯುತ್ತದೆ. ಆದ್ದರಿಂದ ವಿವರಣೆಯ ಬೆನ್ನೆಲುಬು ಹೋಲಿಕೆ. ಹೊಸ ತಳಿಯನ್ನು ಅದಕ್ಕೆ ತೀರ ಹತ್ತಿರದ ತಳಿಯೊಡನೆ ಒಂದೇ ಹೊಲದಲ್ಲಿ, ಒಂದೇ ದಿನ ನೆಟ್ಟು ನೋಡಿ ಬರೆಯಬೇಕು. ಆಲ್ಬಿಯನ್ ತಾಯಿ ಡಯಾಮಾಂಟೆಯಂತೆಯೇ ಫಲ ಕೊಟ್ಟರೂ ಹಣ್ಣಿನ ಬಣ್ಣ, ತಿರುಳಿನ ಬಣ್ಣ ಎರಡೂ ಗಾಢ; ವರ್ಟಿಸಿಲಿಯಮ್ ಸೊರಗು ರೋಗವನ್ನೂ ಬುಡ ಕೊಳೆಸುವ ಫೈಟೊಫ್ತೊರವನ್ನೂ ಚೆನ್ನಾಗಿ ತಡೆಯುತ್ತದೆ. ಇಂಥ ಎರಡು ವಾಕ್ಯ ಬರೆಯಲು ಹಲವು ಋತುಗಳ ಹೊಲದ ಟಿಪ್ಪಣಿ ಬೇಕು.

ಈ ವಿವರಣೆಗಳು ಓದುಗರನ್ನು ಸೆಳೆಯುವ ಬರಹವಲ್ಲ. ಆದರೂ ಗಿಡವನ್ನು ಇಷ್ಟು ಹತ್ತಿರದಿಂದ, ಇಷ್ಟು ಪ್ರಾಮಾಣಿಕವಾಗಿ ನೋಡುವ ಗದ್ಯ ಬೇರೆಲ್ಲೂ ಸಿಗುವುದು ಕಷ್ಟ.

ಹೆಸರು, ಹಕ್ಕು, ವ್ಯಾಜ್ಯ

ಅಮೆರಿಕ 1930ರಲ್ಲೇ ಸಸ್ಯ ಪೇಟೆಂಟ್ ಕಾಯ್ದೆ ತಂದು, ಬೀಜವಲ್ಲದೆ ಹಂಬು ಅಥವಾ ಕಸಿಯಿಂದ ವೃದ್ಧಿಯಾಗುವ ಗಿಡಗಳ ತಳಿಗಾರರಿಗೆ ಹಕ್ಕು ಕೊಟ್ಟಿತು. ತಳಿಗೆ ಒಂದೇ ಅಧಿಕೃತ ಹೆಸರು ಇರಬೇಕೆಂಬುದು ಕೃಷಿಸಸ್ಯಗಳ ನಾಮಕರಣ ಸಂಹಿತೆಯ ನಿಯಮ. ವ್ಯಾಪಾರಿಗಳು ಇದರ ಪಕ್ಕದಲ್ಲೇ ಇನ್ನೊಂದು ಹಾದಿ ಕಂಡುಕೊಂಡಿದ್ದಾರೆ. ಜಪಾನಿನ ಫುಕುವೊಕಾ ಪ್ರಾಂತ್ಯದ ಪ್ರಸಿದ್ಧ ‘ಅಮಾವೊ’ ತಳಿಯ ಹೆಸರಲ್ಲ, ಟ್ರೇಡ್‌ಮಾರ್ಕ್. ನೋಂದಣಿಯಲ್ಲಿರುವ ತಳಿಯ ಹೆಸರು ‘ಫುಕುವೊಕಾ ಎಸ್6’. 2005ರಲ್ಲಿ ದೊರೆತ ತಳಿಯ ಹಕ್ಕು 20 ವರ್ಷಕ್ಕೆ ಮುಗಿಯಿತು, ಟ್ರೇಡ್‌ಮಾರ್ಕನ್ನು ನವೀಕರಿಸುತ್ತ ಹೋಗಬಹುದು.

ಹಕ್ಕಿನ ಪ್ರಶ್ನೆ ದೇಶಗಳ ನಡುವೆಯೂ ಎದ್ದಿದೆ. 21ನೆಯ ಶತಮಾನದ ಮೊದಲ ವರ್ಷಗಳಲ್ಲಿ ದಕ್ಷಿಣ ಕೊರಿಯದ ಬಹುಪಾಲು ಹೊಲಗಳಲ್ಲಿದ್ದುದು ಜಪಾನಿನ ‘ಅಕಿಹಿಮೆ’, ‘ರೆಡ್ ಪರ್ಲ್’ ತಳಿಗಳು. ಕೊರಿಯ ಯುಪೋವ್ ಸೇರಿದ ಮೇಲೆ ರಾಯಧನ ತೆರಬೇಕಾದ ಭಯ ಬೆಳೆಗಾರರನ್ನು ಕಾಡಿತು. ನೊನ್ಸಾನ್‌ನ ಸ್ಟ್ರಾಬೆರಿ ಪ್ರಯೋಗ ಕೇಂದ್ರ ಅದೇ ಎರಡು ತಳಿಗಳನ್ನು ಸಂಕರ ಮಾಡಿ 2005ರಲ್ಲಿ ‘ಸೊಲ್‌ಹ್ಯಾಂಗ್’ ಬಿಡುಗಡೆ ಮಾಡಿತು. ಕೆಲವೇ ವರ್ಷಗಳಲ್ಲಿ ಅದು ದೇಶದ ಸ್ಟ್ರಾಬೆರಿ ಹೊಲಗಳ ಬಹುಭಾಗವನ್ನು ಆವರಿಸಿತು.

ಕ್ಯಾಲಿಫೋರ್ನಿಯದಲ್ಲಿ ಜಗಳ ಮನೆಯೊಳಗೇ ನಡೆಯಿತು. ಶಾ ಮತ್ತು ಲಾರ್ಸನ್ 2014ರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಸ್ವಂತ ತಳಿ ಕಂಪನಿ ಕಟ್ಟಿದರು. ತಾವೇ ಬೆಳೆಸಿದ, ಆದರೆ ವಿಶ್ವವಿದ್ಯಾಲಯದ ಹಕ್ಕಿನಲ್ಲಿರುವ ಗಿಡಗಳನ್ನು ಯಾರು ಬಳಸಬಹುದೆಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 2017ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿ ವಿಶ್ವವಿದ್ಯಾಲಯದ ಪರ ನಿಂತಿತು, ಅದೇ ವರ್ಷ ರಾಜಿಯೂ ಆಯಿತು. ಗಿಡವೊಂದರ ಕುಲಗೋತ್ರ ಬರೆದ ದಾಖಲೆಗೆ ಎಷ್ಟು ತೂಕವಿದೆ ಎಂಬುದಕ್ಕೆ ಆ ಮೊಕದ್ದಮೆ ಒಳ್ಳೆಯ ಉದಾಹರಣೆ.

ರೋಗ ಮತ್ತು ಜೀನೋಮ್

ಸ್ಟ್ರಾಬೆರಿ ಮಣ್ಣನ್ನು ದಶಕಗಳ ಕಾಲ ರೋಗಮುಕ್ತವಾಗಿ ಇಟ್ಟದ್ದು ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ. ಅದು ಓಜೋನ್ ಪದರವನ್ನು ತಿನ್ನುತ್ತದೆಂದು ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡಬೇಕಾಯಿತು. ಸಿರಿವಂತ ದೇಶಗಳಿಗೆ 2005ರ ಗಡುವಿತ್ತು. ಕ್ಯಾಲಿಫೋರ್ನಿಯದ ಸ್ಟ್ರಾಬೆರಿಗೆ ವಿನಾಯಿತಿ ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. ಅನಿಲ ಹೋದ ಕಡೆ ಫ್ಯುಸೇರಿಯಮ್ ಸೊರಗು ರೋಗ ತಲೆಯೆತ್ತಿತು. ಔಷಧಿಯ ಕೆಲಸವನ್ನು ಈಗ ತಳಿಯೇ ಮಾಡಬೇಕು.

ಇಲ್ಲಿ ಡಿಎನ್ಎ ಜ್ಞಾನ ನೆರವಿಗೆ ಬಂತು. ಕಾಡು ಸ್ಟ್ರಾಬೆರಿಯ ಜೀನೋಮ್ ಪ್ರಕಟವಾದದ್ದು 2010ರ ಕೊನೆಯಲ್ಲಿ. ಎಂಟುಪಟ್ಟು ಗೋಜಲಿನ ತೋಟದ ಸ್ಟ್ರಾಬೆರಿಯ ನಕ್ಷೆ, ‘ಕಮರೋಸ’ ತಳಿಯದು, ಸಿಕ್ಕಿದ್ದು 2019ರಲ್ಲಿ. ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜೀನುಗಳು. ಅದರ ನಾಲ್ಕು ಪೂರ್ವಜರಲ್ಲಿ ಫ್ರಗೇರಿಯ ವೆಸ್ಕ ಮತ್ತು ಜಪಾನಿನ ಫ್ರಗೇರಿಯ ಈನುಮೆ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿದೆ, ಉಳಿದೆರಡರ ಬಗ್ಗೆ ಚರ್ಚೆ ಮುಗಿದಿಲ್ಲ. ಡೇವಿಸ್‌ನಲ್ಲಿ ಸ್ಟೀವ್ ನ್ಯಾಪ್ ಅವರ ತಂಡ ಫ್ಯುಸೇರಿಯಮ್ ತಡೆಯುವ ಎಫ್‌ಡಬ್ಲ್ಯು1 ಎಂಬ ಜೀನನ್ನು 2018ರಲ್ಲಿ ಗುರುತಿಸಿತು. ಸಸಿಯ ಎಲೆಚೂರಿನಲ್ಲೇ ಆ ಜೀನನ್ನು ಪತ್ತೆಹಚ್ಚಿ, ಇಲ್ಲದವನ್ನು ಹೊಲಕ್ಕೆ ಹೋಗುವ ಮೊದಲೇ ಬಿಡಬಹುದಾಯಿತು. 2023ರಲ್ಲಿ ‘ಎಕ್ಲಿಪ್ಸ್’, ‘ಗೋಲ್ಡನ್ ಗೇಟ್’, ‘ಕೀಸ್ಟೋನ್’, ‘ಫಿನ್’, ‘ಸರ್ಫ್‌ಲೈನ್’ ಎಂಬ ಐದು ನಿರೋಧಕ ತಳಿಗಳು ಹೊರಬಂದವು. ಇಷ್ಟಾದರೂ ರುಚಿ, ಗಾತ್ರಗಳಿಗೆ ಒಂದೇ ಜೀನಿನ ಕೀಲಿಯಿಲ್ಲ. ಹೊಲದಲ್ಲಿ ನಡೆದು ಕಚ್ಚಿ ನೋಡುವ ಕೆಲಸ ಹಾಗೆಯೇ ಉಳಿದಿದೆ.

ಭಾರತದಲ್ಲಿ

ಭಾರತದ ಸ್ಟ್ರಾಬೆರಿಯ ದೊಡ್ಡ ಪಾಲು ಬರುವುದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಳೇಶ್ವರ, ಪಂಚಗಣಿ ಬೆಟ್ಟಗಳಿಂದ. ಚಳಿಗಾಲದಲ್ಲಿ ಬೆಂಗಳೂರಿನ ಅಂಗಡಿಗಳಿಗೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬರುವುದೂ ಹೆಚ್ಚಾಗಿ ಅಲ್ಲಿಯದೇ. ‘ಮಹಾಬಳೇಶ್ವರ ಸ್ಟ್ರಾಬೆರಿ’ಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ತಳಿಯೆಂದು ತಿಳಿಯಬಾರದು. ನಂಜನಗೂಡು ರಸಬಾಳೆಯಲ್ಲಿ ಊರೂ ತಳಿಯೂ ಒಂದಕ್ಕೊಂದು ಅಂಟಿಕೊಂಡಿವೆ. ಮಹಾಬಳೇಶ್ವರದಲ್ಲಿ ಊರು ನಮ್ಮದು, ಗಿಡ ಹೊರಗಿನದು. ಅಲ್ಲಿ ಬೆಳೆಯುವ ‘ಚಾಂಡ್ಲರ್’, ‘ಕಮರೋಸ’ ಕ್ಯಾಲಿಫೋರ್ನಿಯದವು, ‘ಸ್ವೀಟ್ ಚಾರ್ಲಿ’, ‘ವಿಂಟರ್ ಡಾನ್’ ಫ್ಲಾರಿಡಾದವು. 1992ರಲ್ಲಿ ಬಿಡುಗಡೆಯಾದ ಸ್ವೀಟ್ ಚಾರ್ಲಿಗೆ ಹೆಸರು ಬಂದದ್ದು ಫ್ಲಾರಿಡಾ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಚಾರ್ಲ್ಸ್ ಹವರ್ಡ್ ಅವರಿಂದ. ಆಮದು ಮಾಡಿದ ತಾಯಿಗಿಡಗಳ ಹಂಬುಗಳಿಂದ ಮಳೆಗಾಲದಲ್ಲಿ ಮರಿಗಿಡ ಎಬ್ಬಿಸಿ, ಮಳೆ ತಗ್ಗಿದ ಮೇಲೆ ಏರುಮಡಿಗಳಲ್ಲಿ ನೆಡುತ್ತಾರೆ.

ಫ್ಲಾರಿಡಾದ ತಳಿಗಳು ಇಲ್ಲಿ ಸಲ್ಲಲು ಕಾರಣವಿದೆ: ಹೆಚ್ಚು ಚಳಿ ಬೇಡದೆ, ಹಗಲು ಗಿಡ್ಡವಿರುವ ತಿಂಗಳುಗಳಲ್ಲಿ ಬೇಗ ಫಲ ಕೊಡುವಂತೆ ಅವನ್ನು ಆರಿಸಲಾಗಿದೆ. ಆದರೆ ಸಹ್ಯಾದ್ರಿಯ ನಾಲ್ಕು ತಿಂಗಳ ಜಡಿಮಳೆಯಲ್ಲಿ ನರ್ಸರಿಯ ಮರಿಗಿಡಗಳನ್ನು ಕೊಲ್ಲುವ ಬುಡಕೊಳೆ, ಚಿಬ್ಬು ರೋಗಗಳ ಎದುರು ಯಾರೂ ಅವನ್ನು ಆರಿಸಿರಲಿಲ್ಲ. ಅಂಥ ತಳಿ ಬೇಕಾದರೆ ಬೀಜದ ಸಸಿಗಳನ್ನು ಆ ಮಳೆಯಲ್ಲೇ ಬೆಳೆಸಿ, ಬದುಕಿದವುಗಳಿಂದ ಆರಿಸಬೇಕು. ಅದನ್ನು ದಾಖಲಿಸುವ ಚೌಕಟ್ಟು ದೇಶದಲ್ಲಿದೆ. 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಭಿನ್ನತೆ, ಏಕರೂಪತೆ, ಸ್ಥಿರತೆಗಳ ಪರೀಕ್ಷೆಯ ಮೇಲೆಯೇ ನಿಂತಿದೆ. ಮರ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ ಕೊಡುವ ಆ ಕಾಯ್ದೆಯಡಿ ವಿಶ್ವವಿದ್ಯಾಲಯ, ಕಂಪನಿಗಳಂತೆ ರೈತರೂ ತಾವು ಬೆಳೆಸಿದ ತಳಿಯ ವಿವರಣೆ ಬರೆದು ನೋಂದಣಿಗೆ ಅರ್ಜಿ ಹಾಕಬಹುದು.